ರಸ್ತೆಯಷ್ಟೇ ಅಲ್ಲ, ಸಾರವೆಯೂ: ಕುಂದಲಹಳ್ಳಿ ಸುತ್ತಲಿನ ಬೆನ್ನುಹುರಿ ಗಾಯಗಳು

1990ರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕು ತಲೆಯೆತ್ತಿದ ಮೇಲೆ ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಕುಂದಲಹಳ್ಳಿಯ ಸುತ್ತ ಕಟ್ಟಡ ಕೆಲಸ ನಿಂತದ್ದೇ ಇಲ್ಲ. ಟೆಕ್ ಪಾರ್ಕು, ಅಪಾರ್ಟ್‌ಮೆಂಟು, ಪಿಜಿ, 2023ರ ಮಾರ್ಚ್‌ನಲ್ಲಿ ರೈಲು ಓಡಿದ ಮೆಟ್ರೊ: ಒಂದು ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಸಾರವೆ ಏಳುತ್ತದೆ. ಆದರೂ ಬೆನ್ನುಹುರಿ ಗಾಯದ ಮಾತು ಬಂದಾಗ ಎಲ್ಲರ ಬೆರಳು ರಸ್ತೆಯತ್ತಲೇ ಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿಯಂತೆ ಜಗತ್ತಿನಲ್ಲಿ ವರ್ಷಕ್ಕೆ ಎರಡೂವರೆಯಿಂದ ಐದು ಲಕ್ಷ ಜನರ ಬೆನ್ನುಹುರಿಗೆ ಹಾನಿಯಾಗುತ್ತದೆ. ಹತ್ತು ಲಕ್ಷ ಜನರಿಗೆ 40ರಿಂದ 80. ಭಾರತಕ್ಕೆ ರಾಷ್ಟ್ರೀಯ ನೋಂದಣಿಯೇ ಇಲ್ಲ. ವೈದ್ಯಕೀಯ ಬರಹಗಳಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಅಂದಾಜು ಹತ್ತು ಲಕ್ಷಕ್ಕೆ 15ರಿಂದ 20. ನಮ್ಮಲ್ಲಿ ಗಾಯ ಕಡಿಮೆ ಎನ್ನುವುದಕ್ಕಿಂತ ಎಣಿಕೆ ಕಡಿಮೆ ಎಂದು ಓದುವುದೇ ಸರಿ.

ಭಾರತದ ಹಲವು ಆಸ್ಪತ್ರೆಗಳ ಅಧ್ಯಯನಗಳಲ್ಲಿ ಎತ್ತರದಿಂದ ಬೀಳುವುದೇ ಮೊದಲ ಕಾರಣ, ರಸ್ತೆ ಅಪಘಾತ ಎರಡನೆಯದು. ಕರಾವಳಿಯಲ್ಲಿ ಅಡಿಕೆ, ತೆಂಗಿನ ಮರ. ಬಯಲುಸೀಮೆಯಲ್ಲಿ ಗೋಡೆಯಿಲ್ಲದ ಮಾಳಿಗೆ, ತೆರೆದ ಬಾವಿ. ಬೆಂಗಳೂರಿನ ಅಂಚಿನಲ್ಲಿ ಸೆಂಟ್ರಿಂಗ್ ಹಲಗೆ. ಎರಡನೇ ಮಹಡಿಯಿಂದ ಕಾಲೂರಿ ಬಿದ್ದವನ ದೇಹಭಾರವೆಲ್ಲ ಬಿಗಿಯಾದ ಎದೆಬೆನ್ನು ಮತ್ತು ಬಾಗುವ ಸೊಂಟ ಕೂಡುವಲ್ಲಿ ಅಪ್ಪಳಿಸುತ್ತದೆ. ಕಶೇರು ಒಡೆದು ಚೂರು ಹುರಿಗೆ ಚುಚ್ಚಿದರೆ ಕಾಲುಗಳಷ್ಟೇ ಅಲ್ಲ, ಮಲಮೂತ್ರದ ಹಿಡಿತವೂ ಹೋಗುತ್ತದೆ. ಬೈಕಿನಿಂದ ತಲೆ ಮುಂದಾಗಿ ಎಸೆಯಲ್ಪಟ್ಟವರಿಗೆ ಪೆಟ್ಟು ಕುತ್ತಿಗೆಗೆ. ಆಗ ಕೈಗಳೂ ಸೋಲುತ್ತವೆ.

ಎಣಿಕೆ ತಪ್ಪುವುದು ಹೇಗೆ? ಕಾನೂನಿನ ಪ್ರಕಾರ ಹಲ್ಲು ಮುರಿದರೂ ಅದು ‘ತೀವ್ರ ಗಾಯ’. ಪೊಲೀಸ್ ದಾಖಲೆಯಲ್ಲಿ ಮುರಿದ ಹಲ್ಲು, ತುಂಡಾದ ಹುರಿ ಎರಡೂ ಒಂದೇ ಕಲಂನಲ್ಲಿ ಕೂರುತ್ತವೆ. ಸಾರವೆಯಿಂದ ಬಿದ್ದು ಬದುಕುಳಿದವನಿಗೆ ಆ ಕಲಮೂ ಖಾತ್ರಿಯಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಅನ್ವಯಿಸುತ್ತಿದ್ದುದು ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದಲ್ಲಿ. ಮೂವತ್ತು-ನಲವತ್ತರ ಸೈಟಿನಲ್ಲಿ ಆರೇಳು ಆಳುಗಳಿಂದ ಪಿಜಿ ಎಬ್ಬಿಸುವ ಮೇಸ್ತ್ರಿ ಅದರಾಚೆ ಉಳಿಯುತ್ತಿದ್ದ. ಗಾಯಾಳು ರಾಯಚೂರಿಗೋ ಬಿಹಾರಕ್ಕೋ ಮರಳಿದ ಮೇಲೆ ಅವನ ಗಾಲಿಕುರ್ಚಿ ಕುಂದಲಹಳ್ಳಿಯ ಯಾವ ಅಂಕಿಯಲ್ಲೂ ಇರುವುದಿಲ್ಲ.

ಊರಿನಲ್ಲಿ ಅವನನ್ನು ಕೊಲ್ಲುವುದು ಹೆಚ್ಚಾಗಿ ಮೂಲ ಗಾಯವಲ್ಲ. ಹಾಸಿಗೆ ಹುಣ್ಣು, ಮೂತ್ರದ ಸೋಂಕು. 1959ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಅಂಗವಿಕಲರಿಗಾಗಿ ದುಡಿಯುವ ಸಂಸ್ಥೆ ಎಪಿಡಿ, ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸೇವಾಧಾಮ ಇದನ್ನು ತಡೆಯಲು ದುಡಿಯುತ್ತಿವೆ. ಆದರೆ ಎಚ್ಚರ ಬೇಕಾದದ್ದು ಅದಕ್ಕೂ ಮೊದಲು: ಬಿದ್ದವನನ್ನು ಆಟೊದಲ್ಲಿ ಮಡಚಿ ಕೂರಿಸಿದರೆ ಹುರಿಯ ಅರೆಗಾಯ ಪೂರ್ಣವಾಗಬಹುದು. ಹಲಗೆಯ ಮೇಲೆ ಬೆನ್ನು ನೇರವಾಗಿಟ್ಟು ಸಾಗಿಸಬೇಕು. ಹೀಗೆ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಡುವ ರಾಜ್ಯದ ಕಾಯ್ದೆ 2016ರದ್ದು.

ವೈಟ್‌ಫೀಲ್ಡ್ ಭಾಗದ ಆಸ್ಪತ್ರೆಗಳು ಕೇಸ್‌ ಶೀಟಿಗೆ ಮೂರು ಪ್ರಶ್ನೆ ಸೇರಿಸಿದರೆ ಎಣಿಕೆಯ ಕೆಲಸ ಶುರುವಾಗುತ್ತದೆ: ಎಷ್ಟು ಎತ್ತರದಿಂದ ಬಿದ್ದದ್ದು, ಸೊಂಟಕ್ಕೆ ಬೆಲ್ಟ್ ಇತ್ತೇ, ಊರು ಯಾವುದು.