ಖಡಕಿಯ ಕುದುರೆಗಳು ಮತ್ತು ಮುಪ್ಪಿನ ಬೆಕ್ಕು

ಪುಣೆಯ ಮಗ್ಗುಲಿನ ಖಡಕಿಯಲ್ಲಿ ಪ್ರಾಣಿಗಳ ಚಿಕಿತ್ಸೆ ಮೊದಲು ದಂಡಿನ ಅಗತ್ಯವಾಗಿತ್ತು. 1817ರ ನವೆಂಬರ್ 5ರ ಕಾಳಗದಲ್ಲಿ ಪೇಶ್ವೆಯ ಸೈನ್ಯ ಸೋತ ಮೇಲೆ ಬ್ರಿಟಿಷರ ಠಾಣ್ಯ ಇಲ್ಲಿ ನೆಲೆಯೂರಿತು. ತೋಪು ಎಳೆಯುವ ಕುದುರೆ, ಸಾಮಾನು ಹೊರುವ ಹೇಸರಗತ್ತೆ, ಬಂಡಿಯ ಎತ್ತು ಕುಂಟಿದರೆ ದಂಡು ಕದಲುತ್ತಿರಲಿಲ್ಲ. 1862ರಲ್ಲಿ ಪುಣೆಯಲ್ಲಿ ಸೈನ್ಯದ ಪಶುವೈದ್ಯ ಶಾಲೆ ತೆರೆದದ್ದು ಈ ಲೆಕ್ಕಾಚಾರದಿಂದಲೇ. ಅದರ ಹಿಂದಿದ್ದ ಪಶುವೈದ್ಯ ಹ್ಯಾಲನ್ ಮುಂದೆ ದನಗಳ ಪಿಡುಗಿನ ಬಗ್ಗೆ 1871ರಲ್ಲಿ ವರದಿ ಕೊಟ್ಟ ಆಯೋಗಕ್ಕೂ ಮುಖ್ಯಸ್ಥನಾದ. 1889ರ ಡಿಸೆಂಬರಿನಲ್ಲಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಲಾಜಿಕಲ್ ಪ್ರಯೋಗಾಲಯ ಆರಂಭವಾಯಿತು. ದನಗಳ ಆ ಪಿಡುಗಿನ, ಅಂದರೆ ದೊಡ್ಡರೋಗದ, ಸೋಂಕನ್ನು ಊರ ನಡುವೆ ಇಟ್ಟುಕೊಳ್ಳುವುದು ಅಪಾಯವೆಂದು 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಲಾಯಿತು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಅದೇ.

ಬ್ರಿಟಿಷರಿಗಿಂತ ಹಿಂದೆಯೂ ವೈದ್ಯ ಹೋದದ್ದು ಬೆಲೆಯುಳ್ಳ ಪ್ರಾಣಿಯ ಹಿಂದೆಯೇ. ಚಾಲುಕ್ಯ ವಂಶದ ಕೀರ್ತಿವರ್ಮ 12ನೆಯ ಶತಮಾನದಲ್ಲಿ ಕನ್ನಡದಲ್ಲಿ ಬರೆದದ್ದು ‘ಗೋವೈದ್ಯ’. ಅಭಿನವಚಂದ್ರ ಬರೆದದ್ದು ಕುದುರೆಯ ವೈದ್ಯ. ಆನೆಗೆ ಪಾಲಕಾಪ್ಯನ ಶಾಸ್ತ್ರವಿತ್ತು. ಇಲಿ ಹಿಡಿದುಕೊಂಡು ಒಲೆಯ ಬೂದಿಯಲ್ಲಿ ಮಲಗುವ ಬೆಕ್ಕಿಗೆ ಅಂಥ ಶಾಸ್ತ್ರಕಾರ ಸಿಗಲಿಲ್ಲ. ದುಡಿಯಲಾರದ ಪ್ರಾಣಿಗಳನ್ನೂ ಸಾಯುವವರೆಗೆ ಸಾಕುವ ಪಾಂಜರಪೋಳಗಳು ಪಶ್ಚಿಮ ಭಾರತದಲ್ಲಿದ್ದವು. ಜೈನ ಮತ್ತು ಗುಜರಾತಿ ವರ್ತಕರ ದಾನದಿಂದ ನಡೆಯುತ್ತಿದ್ದ ಇವು ಮುಖ್ಯವಾಗಿ ದನಕರುಗಳ ಆಸರೆ. ಮಾಂಸ ತಾರದ ಸಂಸ್ಥೆ ಬೆಕ್ಕನ್ನು ಸಾಕುವುದಾದರೂ ಹೇಗೆ?

ಬೆಕ್ಕಿಗೆ ಸರ್ಕಾರಿ ಕಾಗದದಲ್ಲಿ ಒಂದಿಷ್ಟು ಬೆಲೆ ಬಂದದ್ದು ಪ್ಲೇಗಿನಿಂದ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಬೇಗನೆ ಪುಣೆಗೂ ಹಬ್ಬಿತು. ಮನೆ ಹೊಕ್ಕು ಶೋಧಿಸಿದ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಮೇಲೆ 1897ರ ಜೂನ್ 22ರಂದು ಗುಂಡು ಹಾರಿದ್ದು ಖಡಕಿಗೆ ಹತ್ತಿರದ ಗಣೇಶಖಿಂಡ ರಸ್ತೆಯಲ್ಲಿ. ರೋಗ ಇಲಿಯ ಚಿಗಟದಿಂದ ಬರುತ್ತದೆಂದು ಖಚಿತವಾದ ಮೇಲೆ, ಬೆಕ್ಕು ಸಾಕಿದ ಮನೆಗೆ ಪ್ಲೇಗು ಬಾರದೆಂದು ವೈದ್ಯಾಧಿಕಾರಿ ಆಂಡ್ರ್ಯೂ ಬುಕಾನನ್ 1908ರ ಸುಮಾರಿಗೆ ವಾದಿಸಿದ. ಆಗಲೂ ಬೆಕ್ಕು ಕಾವಲುಗಾರನೇ ಹೊರತು ರೋಗಿಯಲ್ಲ.

ರೋಗಿಯಾಗಲು ಬೆಕ್ಕು ಮೊದಲು ಮುದಿಯಾಗಬೇಕಿತ್ತು. ಕ್ಯಾನ್ಸರ್ ಬಹುಮಟ್ಟಿಗೆ ಮುಪ್ಪಿನ ಕಾಯಿಲೆ. ಬೀದಿನಾಯಿ, ವಾಹನ, ಸೋಂಕುಗಳ ನಡುವೆ ಬದುಕುವ ಬೆಕ್ಕು ಆ ವಯಸ್ಸು ಮುಟ್ಟುವುದೇ ಅಪರೂಪ. ಫ್ಲ್ಯಾಟಿನ ಒಳಗೇ ಬೆಳೆದು, ಲಸಿಕೆ ಹಾಕಿಸಿಕೊಂಡು, ಸಂತಾನಹರಣ ಆದ ಬೆಕ್ಕು ಹದಿನೈದು ವರ್ಷ ದಾಟಬಲ್ಲದು. ಸಂತಾನಹರಣ ಬೇಗ ಆದರೆ ಹೆಣ್ಣುಬೆಕ್ಕಿನಲ್ಲಿ ಮೊಲೆಗಡ್ಡೆಯ ಸಾಧ್ಯತೆಯೂ ಬಹಳ ತಗ್ಗುತ್ತದೆ. ಬೆಕ್ಕಿನಲ್ಲಿ ಕಾಣುವ ಅಂಥ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರೇ ಆಗಿರುವುದರಿಂದ ಇದು ಸಣ್ಣ ಮಾತಲ್ಲ. ಬಿಳಿ ಬೆಕ್ಕಿನ ಕಿವಿತುದಿ ಮತ್ತು ಮೂಗಿನ ಮೇಲೆ ಹುಣ್ಣಾಗಿ ಕಾಣುವ ಕ್ಯಾನ್ಸರಿಗೆ ಬಿಸಿಲೇ ಕಾರಣವಾಗುತ್ತದೆ.

ಬೆಕ್ಕಿನ ಕ್ಯಾನ್ಸರಿನ ವಿದ್ಯೆ ಬೆಳೆದದ್ದು ಹೊರದೇಶಗಳಲ್ಲಿ, ಅದೂ ತಡವಾಗಿ. ಬೆಕ್ಕಿನ ರಕ್ತಕ್ಯಾನ್ಸರಿಗೆ ಕಾರಣವಾಗುವ ವೈರಾಣುವನ್ನು ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ ತಂಡ 1964ರಲ್ಲಿ ಪತ್ತೆ ಮಾಡಿತು. ಲಸಿಕೆ ಬಂದದ್ದು 1985ರಲ್ಲಿ. ಲಿಂಫೋಮಾ ಎಂಬ ಕ್ಯಾನ್ಸರಿಗೆ ಕೊಡುವ ಔಷಧ ವಿನ್‌ಕ್ರಿಸ್ಟಿನ್ ಮಾತ್ರ ಪುಣೆಯ ಅಂಗಳಗಳಿಗೆ ಪರಿಚಿತ ಗಿಡದ್ದು: ಕನ್ನಡಿಗರ ಸದಾಪುಷ್ಪ, ಮರಾಠಿಗರ ಸದಾಫುಲಿ. ಮಡಗಾಸ್ಕರ್ ಮೂಲದ ಈ ಗಿಡದ ಕ್ಯಾನ್ಸರ್‌ವಿರೋಧಿ ಗುಣ 1950ರ ದಶಕದ ಕೊನೆಗೆ ಬೆಳಕಿಗೆ ಬಂತು. ಮೊದಲು ಮಕ್ಕಳ ರಕ್ತಕ್ಯಾನ್ಸರಿಗೆ, ಆಮೇಲೆ ನಾಯಿ ಬೆಕ್ಕುಗಳಿಗೆ ಆ ಔಷಧ ಒದಗಿತು. ಎಲೆ ಅರೆದು ಕುಡಿಸಿದರೆ ಮಾತ್ರ ಅದು ವಿಷ.

ಔಷಧದಿಂದಲೂ ಗುಣವಾಗದವರನ್ನು ನೋಡಿಕೊಳ್ಳುವುದು ಖಡಕಿಗೂ ಪುಣೆಗೂ ಹೊಸದಲ್ಲ. ಅಂಗ ಕಳೆದುಕೊಂಡ ಸೈನಿಕರಿಗಾಗಿ 1917ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ವೀನ್ ಮೇರಿ ಸಂಸ್ಥೆ ಬಳಿಕ ಖಡಕಿಗೆ ಬಂತು. ಬೆನ್ನುಹುರಿಗೆ ಪೆಟ್ಟಾದ ಯೋಧರ ಪುನರ್ವಸತಿ ಕೇಂದ್ರ ಇಲ್ಲಿ 1974ರಿಂದ ಇದೆ. ಕ್ಯಾನ್ಸರ್ ರೋಗಿಗಳ ನೋವು ತಗ್ಗಿಸಲೆಂದೇ ಸಿಪ್ಲಾ ಕೇಂದ್ರ 1997ರಲ್ಲಿ ಪುಣೆಯ ವಾರ್ಜೆಯಲ್ಲಿ ಶುರುವಾಯಿತು. ಇದೇ ನೋಟವನ್ನು ಸಾಕುಪ್ರಾಣಿಗಳಿಗೂ ಹೊಂದಿಸಿ, ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೊಸ್ 2004ರಲ್ಲಿ ಒಂದು ಮಾನದಂಡ ಕೊಟ್ಟರು. ನೋವು, ಹಸಿವು, ನೀರು, ಶುಚಿ, ಸಂತೋಷ, ಓಡಾಟ ಒಂದೊಂದಕ್ಕೂ ಅಂಕ ಹಾಕಿ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂದು ಅದು ಕೇಳುತ್ತದೆ.

ಅಂಕ ಹಾಕುವುದೇ ಕಷ್ಟ, ಏಕೆಂದರೆ ಬೆಕ್ಕು ನೋವನ್ನು ಅಡಗಿಸಿಕೊಳ್ಳುತ್ತದೆ. ಮೈ ನೆಕ್ಕಿಕೊಳ್ಳುವುದನ್ನು ಬಿಡುವುದು, ಮಂಚದಡಿ ಸೇರುವುದು, ಎತ್ತರಕ್ಕೆ ಜಿಗಿಯದಿರುವುದು, ಬಟ್ಟಲಿನ ಬಳಿ ಬಂದು ಮೂಸಿ ತಿರುಗುವುದು ಅದರ ಕುರುಹುಗಳು. ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಸಾಕು, ಬೆಕ್ಕು ಸಾಯಬಹುದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಕಡಿಮೆ. ಸಸ್ಯಾಹಾರಿ ಮನೆಗಳ ಹಾಲು-ಅನ್ನವೂ ಸಾಲದು. ಮಾಂಸದಿಂದಲೇ ದಕ್ಕುವ ಟಾರೀನ್ ಇಲ್ಲದೆ ಬೆಕ್ಕಿನ ಹೃದಯ ಸೊರಗುತ್ತದೆಂದು 1987ರಲ್ಲಿ ಸಾಬೀತಾಗಿದೆ. ಬೆಚ್ಚಗೆ ಮಾಡಿದ ಮೀನು ಅಥವಾ ಕೋಳಿ, ತಗ್ಗು ಅಂಚಿನ ಮಲದ ತಟ್ಟೆ, ಮೂತ್ರಪಿಂಡ ಸೋತಿದ್ದರೆ ಚರ್ಮದಡಿ ಕೊಡುವ ದ್ರವ, ಪಶುವೈದ್ಯರು ಅಳೆದು ಕೊಟ್ಟ ನೋವಿನ ಔಷಧ: ಮನೆಯ ಆರೈಕೆಯೆಂದರೆ ಹೆಚ್ಚಾಗಿ ಇಷ್ಟೇ.

ಕೊನೆಯ ಪ್ರಶ್ನೆಯಲ್ಲಿ ಹಳೆಯ ಎರಡು ದಾರಿಗಳು ಎದುರಾಗುತ್ತವೆ. ಕಾಲು ಮುರಿದ ಕುದುರೆಗೆ ಗುಂಡಿಡುವುದು ದಂಡಿನ ರೂಢಿ. ಪ್ರಾಣ ಹೋಗುವವರೆಗೆ ಕಾಯುವುದು ಪಾಂಜರಪೋಳದ್ದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 13ನೆಯ ಕಲಮು, ಬದುಕಿಸಿಡುವುದೇ ಕ್ರೌರ್ಯವಾಗುವಷ್ಟು ನರಳುವ ಪ್ರಾಣಿಗೆ ಸಾವು ಕೊಡಲು ಒಪ್ಪುತ್ತದೆ. ಮನೆಮಂದಿ ಒಪ್ಪಿದರೆ ಪಶುವೈದ್ಯರು ಮೊದಲು ಮಂಪರಿನ ಚುಚ್ಚುಮದ್ದು ಕೊಟ್ಟು, ಬೆಕ್ಕು ನಿದ್ದೆಹೋದ ಮೇಲೆ ಎರಡನೆಯದನ್ನು ಕೊಡುತ್ತಾರೆ.