ನಾಟಕವನ್ನು ಕಂಡು ಬರೆಯುವವನ ಧರ್ಮ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂದೊಡನೆ ಈಗಿನ ತರುಣರಿಗೆ ಹೆಲಿಕಾಪ್ಟರ್ ಕಾರ್ಖಾನೆಯು ನೆನಪಾಗುವುದು. 2016ರಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿ 6ರಂದು ಉದ್ಘಾಟಿತವಾದ ಆ ಕಾರ್ಖಾನೆಯು ನಮ್ಮ ಸೀಮೆಗೆ ಹೊಸ ಹೆಸರನ್ನು ತಂದಿರುವುದು ದಿಟ. ಆದರೆ ಕಾವಲೆಂದರೆ ಮೊದಲಿಗೆ ದನಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲು. ಇಂತಹ ಕಾವಲುಗಳ ಅಂಚಿನ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ತಿಂಗಳುಗಟ್ಟಲೆ ಪಾಠ ಕಲಿತು, ಜಾತ್ರೆಯ ರಾತ್ರಿ ಬೆಳಗಾಗುವವರೆಗೆ ಪೌರಾಣಿಕ ನಾಟಕವನ್ನಾಡುವ ವಾಡಿಕೆಯು ಇಂದಿಗೂ ಅಳಿದಿಲ್ಲ. ಅಂತಹ ಹವ್ಯಾಸಿಗಳ ನಾಟಕವನ್ನು ಕಂಡವರು ಅದರ ವಿಷಯವಾಗಿ ಬರೆಯಬೇಕೆ, ಬರೆದರೆ ಹೇಗೆ ಬರೆಯಬೇಕು ಎಂಬುದೇ ಈ ಲೇಖನದ ವಿಚಾರ.

ಈ ಪ್ರಶ್ನೆಯು ಹೊಸದಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸಿದ್ಧಿಯನ್ನು ಕುರಿತ ಒಂದು ಅಧ್ಯಾಯವನ್ನೇ ಇದಕ್ಕಾಗಿ ಮೀಸಲಿರಿಸಿರುವನು. ಪ್ರಯೋಗವನ್ನು ಪರೀಕ್ಷಿಸುವ ಪ್ರಾಶ್ನಿಕರು ಅಲ್ಲಿ ಒಬ್ಬಿಬ್ಬರಲ್ಲ, ಹತ್ತು ಮಂದಿ: ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ಶಬ್ದಶಾಸ್ತ್ರಜ್ಞ, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ. ಒಬ್ಬೊಬ್ಬರಿಗೆ ಒಂದೊಂದು ವಿಷಯ. ವೇಷಭೂಷಣಕ್ಕೆ ಚಿತ್ರಕಾರನು, ಸ್ವರತಾಳಗಳಿಗೆ ಗಾಯಕನು, ಪಾಠಕ್ಕೆ ಶಬ್ದಜ್ಞನು. ಒಬ್ಬನೇ ಎಲ್ಲವನ್ನೂ ತೂಗಲಾರನೆಂಬ ವಿವೇಕವು ಈ ವ್ಯವಸ್ಥೆಯಲ್ಲಿ ಅಡಗಿರುವುದು. ಗಾಳಿ, ಬೆಂಕಿ, ಮಳೆಗಳಿಂದ ಬರುವ ದೋಷ ಬೇರೆ, ಹಗೆಗಳು ಗದ್ದಲವೆಬ್ಬಿಸಿ ಸಗಣಿ ಕಲ್ಲುಗಳನ್ನೆಸೆಯುವುದರಿಂದ ಬರುವ ದೋಷ ಬೇರೆ, ನಟನು ಮಾತು ಮರೆಯುವುದು, ಕಿರೀಟ ಬೀಳಿಸಿಕೊಳ್ಳುವುದು ಮುಂತಾದ ಸ್ವಂತ ದೋಷಗಳು ಬೇರೆ ಎಂದು ಮುನಿಯು ವಿಂಗಡಿಸಿರುವನು. ಗುಣವೇ ಇಲ್ಲದ ಪ್ರಯೋಗವಾಗಲಿ, ದೋಷವೇ ಇಲ್ಲದ ಪ್ರಯೋಗವಾಗಲಿ ಇಲ್ಲವಾದ್ದರಿಂದ ದೋಷಗಳನ್ನು ಅತಿಯಾಗಿ ಎಣಿಸಬಾರದೆಂಬುದು ಅವನ ಅಭಿಪ್ರಾಯ.

ಕಾಳಿದಾಸನು ಮಾಳವಿಕಾಗ್ನಿಮಿತ್ರದಲ್ಲಿ ಇದನ್ನೇ ಕಥೆಯಾಗಿಸಿರುವನು. ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರ ವಿವಾದಕ್ಕೆ ತೀರ್ಪುಗಾರ್ತಿಯಾಗಿ ಪರಿವ್ರಾಜಿಕೆ ಕೌಶಿಕಿಯನ್ನು ಆರಿಸಲಾಗುವುದು. ರಾಜನಿಗೊಂದು ಪಕ್ಷ, ರಾಣಿಗೊಂದು ಪಕ್ಷವೆಂಬ ಶಂಕೆಯೇ ಅದಕ್ಕೆ ಕಾರಣ. ತಾನು ಚೆನ್ನಾಗಿ ಮಾಡಬಲ್ಲವನು ಒಬ್ಬ, ಇತರರಿಗೆ ಕಲಿಸಬಲ್ಲವನು ಇನ್ನೊಬ್ಬ. ಎರಡೂ ಉಳ್ಳವನೇ ಶ್ರೇಷ್ಠನೆಂದು ಆಕೆಯು ಹೇಳುವಳು. ಶಿಷ್ಯನ ಕುಂದು ಎಷ್ಟು, ಗುರುವಿನ ಕುಂದು ಎಷ್ಟು ಎಂದು ಬೇರ್ಪಡಿಸಿ ನೋಡುವುದಕ್ಕೆ ಇದಕ್ಕಿಂತ ಉತ್ತಮವಾದ ಸೂಚನೆಯು ಬೇಕಿಲ್ಲ.

ನಮ್ಮ ನೆಲಕ್ಕೆ ಬಂದರೆ, 1884ರಲ್ಲಿ ಚಂದಣ್ಣನವರೇ ಮೊದಲಾದ ಊರಿನ ಉತ್ಸಾಹಿಗಳು ಕೂಡಿ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಮಂಡಲಿಯನ್ನು ಕಟ್ಟಿದರು. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ, 1934ರಲ್ಲಿ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ನೆರೆಯ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಆ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟರು. ಅತ್ತ ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಹುಟ್ಟಿ, ಕೈಲಾಸಂ ಮೊದಲಾದವರು ಹವ್ಯಾಸಿ ರಂಗಭೂಮಿಗೆ ವಿದ್ಯಾವಂತರ ಗೌರವವನ್ನು ದೊರಕಿಸಿದರು. ವೀರಣ್ಣನವರು ತಮ್ಮ ಬಾಳಿನ ವೃತ್ತಾಂತವನ್ನು ‘ಕಲೆಯೇ ಕಾಯಕ’ವೆಂಬ ಗ್ರಂಥವಾಗಿಸಿ ಹೋದರು, ನಗರದವರಿಗೆ ಪತ್ರಿಕೆಗಳಿದ್ದವು. ಹಳ್ಳಿಯ ಹವ್ಯಾಸಿಗೆ ಎರಡೂ ಇಲ್ಲ. ಅಭಿನಯವು ಆಡಿದ ರಾತ್ರಿಯೇ ಅಳಿಯುವ ವಿದ್ಯೆ. ಕಂಡವನೊಬ್ಬನು ನಾಲ್ಕು ಸಾಲು ಬರೆದಿಟ್ಟರೆ ಅದೇ ಅವನಿಗೆ ಶಾಸನ. ಆದಕಾರಣ ಬರೆಯಬೇಕೆಂಬುದರಲ್ಲಿ ಸಂದೇಹವಿಲ್ಲ.

ಹೇಗೆ ಬರೆಯಬಾರದೆಂಬುದಕ್ಕೆ ನಾನೇ ದೃಷ್ಟಾಂತ. ಸುಮಾರು ಮೂವತ್ತು ವರ್ಷಗಳ ಹಿಂದೆ, ಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಕಾಲದಲ್ಲಿ, ಹತ್ತಿರದ ಹಳ್ಳಿಯೊಂದರಲ್ಲಿ ಕರ್ಣನ ಪಾತ್ರವಾಡಿದ ರೈತನೊಬ್ಬನ ವಿಷಯವಾಗಿ ಪತ್ರಿಕೆಯೊಂದಕ್ಕೆ ಬರೆದೆನು. ಧರ್ಮವನ್ನು ದರ್ಮವೆಂದದ್ದು ಎಷ್ಟು ಬಾರಿ, ಶಪಥವನ್ನು ಸಪತವೆಂದದ್ದು ಎಷ್ಟು ಬಾರಿ ಎಂದು ಲೆಕ್ಕವಿಟ್ಟು ಬರೆದೆನು. ಪಾಠಶಾಲೆಯ ವಿದ್ಯೆಯ ಮದವು ಆ ಲೆಕ್ಕದಲ್ಲಿತ್ತು. ಕುಂತಿಯ ಎದುರು ಅವನು ನಿಂತಾಗ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡುದನ್ನು ನಾನು ಬರೆಯಲಿಲ್ಲ. ನಡುರಾತ್ರಿ ದೀಪ ಹೋದಾಗ, ಸಭೆಯು ಕದಲದಂತೆ ಅವನು ಕತ್ತಲೆಯಲ್ಲಿಯೇ ಹಾಡನ್ನು ಮುಂದುವರಿಸಿದುದನ್ನೂ ಬರೆಯಲಿಲ್ಲ. ಮರುವರ್ಷ ಆ ಕಿರೀಟವು ಬೇರೊಬ್ಬನ ತಲೆಯ ಮೇಲಿತ್ತು. ಸಂತೆಯಲ್ಲಿ ಕಂಡಾಗ ಅವನು ಕೈಮುಗಿದು, “ನೀವು ಬರೆದದ್ದು ಸುಳ್ಳಲ್ಲ ಸ್ವಾಮಿ,” ಎಂದಷ್ಟೇ ಹೇಳಿದನು. ಅವನು ಮತ್ತೆ ಬಣ್ಣ ಹಚ್ಚಲಿಲ್ಲ.

ಸುಳ್ಳಲ್ಲವೆಂಬುದೇ ನನ್ನನ್ನು ಇಂದಿಗೂ ಚುಚ್ಚುವುದು. ಹತ್ತು ಮಂದಿ ಪ್ರಾಶ್ನಿಕರಲ್ಲಿ ನಾನು ಶಬ್ದಜ್ಞನೊಬ್ಬನ ಪೀಠದಲ್ಲಿ ಕುಳಿತು, ಉಳಿದ ಒಂಬತ್ತು ಪೀಠಗಳ ತೀರ್ಪನ್ನೂ ಕೊಟ್ಟುಬಿಟ್ಟಿದ್ದೆನು. ಇದಕ್ಕೆ ಪ್ರತಿಯಾಗಿ ಹಾರ ಹಾಕಿಸಿಕೊಂಡು ಊಟ ಮುಗಿಸಿ ಎಲ್ಲರನ್ನೂ ನಟಸಾರ್ವಭೌಮರೆಂದು ಹೊಗಳುವವರೂ ಉಂಟು. ಅದೂ ಉಪಕಾರವಲ್ಲ, ಎಲ್ಲರಿಗೂ ಸಮನಾಗಿ ಸಲ್ಲುವ ಹೊಗಳಿಕೆಯು ನಿಜವಾಗಿ ದುಡಿದವನಿಗೆ ಮಾಡುವ ಅನ್ಯಾಯ.

ಆದುದರಿಂದ ಬರೆಯುವವರಲ್ಲಿ ನನ್ನ ಬಿನ್ನಹವಿಷ್ಟೆ. ಮಂಗಳದವರೆಗೆ ಕುಳಿತು ನೋಡಿರಿ. ನಡುವೆ ಎದ್ದು ಹೋದವರು ಬರೆಯದಿರುವುದೇ ಲೇಸು. ತಾವು ಬಲ್ಲ ವಿಷಯವನ್ನು ಮಾತ್ರ ತೂಗಿರಿ. ದೀಪದ ದೋಷವನ್ನು ನಟನ ಮೇಲೆ, ಮೇಷ್ಟರ ದೋಷವನ್ನು ಶಿಷ್ಯನ ಮೇಲೆ ಹೊರಿಸದಿರಿ. ಗುಣವನ್ನು ಹೆಸರಿಡಿದು ಹೇಳಿರಿ. ದೋಷವನ್ನು ಮುಂದಿನ ವರ್ಷ ತಿದ್ದಿಕೊಳ್ಳಬಹುದಾದ ರೀತಿಯಲ್ಲಿ ಹೇಳಿರಿ.

ಉಚ್ಚಾರದ ಕುಂದನ್ನು ತಿದ್ದುವ ಸ್ಥಳವು ಪತ್ರಿಕೆಯಲ್ಲ, ಅಭ್ಯಾಸದ ಮನೆ. ಹೋದ ವರ್ಷ ಅದೇ ಹಳ್ಳಿಯವರು ನಾಟಕ ಕಟ್ಟಿದಾಗ ನಾನು ಮೊದಲೇ ಹೋಗಿ, ಹಾರ್ಮೋನಿಯಂ ಮೇಷ್ಟರ ಪಕ್ಕದಲ್ಲಿ ಕೆಲವು ಸಂಜೆ ಕುಳಿತು, ಹುಡುಗರಿಗೆ ಮಹಾಪ್ರಾಣಗಳನ್ನು ಹೇಳಿಕೊಟ್ಟೆನು. ಹಿಂದಿನ ಕರ್ಣನು ಬಾಗಿಲ ಬಳಿ ಕುಳಿತು ಕೇಳುತ್ತಿದ್ದನು.