ಕಲ್ಲಿನ ಮೆಟ್ಟಿಲು, ಕಬ್ಬಿಣದ ಗುಮ್ಮಟ

ಅಮೆರಿಕದಲ್ಲಿ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಮಿಸೂರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ, ಮಿಸಿಸಿಪಿ ನದಿಗೆ ಸಮೀಪದಲ್ಲಿ, ಅಂಥ ಒಂದು ಕೌಂಟಿ ನ್ಯಾಯಾಲಯದ ಹಳೆಯ ಕಟ್ಟಡ ನಿಂತಿದೆ. 1816ರಲ್ಲಿ ಇಬ್ಬರು ಜಮೀನುದಾರರು ನ್ಯಾಯಾಲಯಕ್ಕೆಂದೇ ದಾನ ಕೊಟ್ಟ ನೆಲವದು. 1839ರಲ್ಲಿ ಆರಂಭವಾದ ಕಟ್ಟಡದ ಕೆಲಸ ಮುಗಿದದ್ದು 1862ರಲ್ಲಿ. ನಾಲ್ಕು ದಿಕ್ಕಿಗೂ ಚಾಚಿದ ತೋಳುಗಳು, ಗ್ರೀಕ್ ದೇಗುಲಗಳನ್ನು ನೆನಪಿಸುವ ಕಂಬಸಾಲು, ನಡುವೆ ವಿಲಿಯಂ ರಂಬೋಲ್ಡ್ ವಿನ್ಯಾಸಗೊಳಿಸಿದ ಕಬ್ಬಿಣದ ಗುಮ್ಮಟ. ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಈಗಿನ ಗುಮ್ಮಟ ಪೂರ್ಣವಾಗುವ ಮೊದಲೇ ಇದು ಸಿದ್ಧವಾಗಿತ್ತು.

ಆದರೆ ಈ ಕಟ್ಟಡವನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಗುಮ್ಮಟಕ್ಕಾಗಿ ಅಲ್ಲ. 1846ರಲ್ಲಿ ಡ್ರೆಡ್ ಸ್ಕಾಟ್ ಮತ್ತು ಅವನ ಹೆಂಡತಿ ಹ್ಯಾರಿಯೆಟ್ ಎಂಬ ಗುಲಾಮ ದಂಪತಿ ತಮ್ಮ ಬಿಡುಗಡೆಗಾಗಿ ಇಲ್ಲಿ ದಾವೆ ಹೂಡಿದರು. ಗುಲಾಮಗಿರಿ ನಿಷಿದ್ಧವಾದ ಸೀಮೆಯಲ್ಲಿ ವರ್ಷಗಟ್ಟಲೆ ಬದುಕಿದ್ದೇವೆ, ಆದ್ದರಿಂದ ನಾವು ಸ್ವತಂತ್ರರು ಎಂಬುದು ಅವರ ವಾದ. 1847ರಲ್ಲಿ ಸೋತರು. 1850ರಲ್ಲಿ ಇದೇ ಕಟ್ಟಡದಲ್ಲಿ ಜ್ಯೂರಿ ಅವರ ಪರವಾಗಿ ತೀರ್ಪು ನೀಡಿತು. 1852ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 1857ರಲ್ಲಿ ದೇಶದ ಸುಪ್ರೀಂ ಕೋರ್ಟ್, ಕಪ್ಪು ಜನ ಗುಲಾಮರಾಗಿರಲಿ ಸ್ವತಂತ್ರರಾಗಿರಲಿ, ಅಮೆರಿಕದ ಪೌರರಾಗಲಾರರು ಎಂದಿತು. ಈ ತೀರ್ಪು ಎಬ್ಬಿಸಿದ ಕೋಲಾಹಲ ದೇಶವನ್ನು ಅಂತರ್ಯುದ್ಧದತ್ತ ದೂಡಿತು. ಅದೇ ವರ್ಷ ಹೊಸ ಒಡೆಯನೊಬ್ಬ ಬಿಡುಗಡೆ ಪತ್ರ ಕೊಟ್ಟದ್ದರಿಂದ ದಂಪತಿ ಸ್ವತಂತ್ರರಾದರು. ಮರುವರ್ಷವೇ ಡ್ರೆಡ್ ಸ್ಕಾಟ್ ತೀರಿಕೊಂಡ.

ಒಳಗೆ ಬಿಡುಗಡೆಯ ದಾವೆ ನಡೆಯುತ್ತಿದ್ದ ಕಾಲದಲ್ಲೇ ಹೊರಗಿನ ಮೆಟ್ಟಿಲುಗಳ ಮೇಲೆ ಮನುಷ್ಯರು ಹರಾಜಾಗುತ್ತಿದ್ದರು. ಸತ್ತ ಒಡೆಯನ ಆಸ್ತಿ ವಿಲೇವಾರಿಗೆಂದು ಗುಲಾಮರನ್ನು ಮಾರಿಸುತ್ತಿದ್ದುದೂ ನ್ಯಾಯಾಲಯವೇ. ಒಂದೇ ಕಟ್ಟಡ ಹೀಗೆ ಎರಡೂ ಕೆಲಸಕ್ಕೆ ಒದಗಿತು.

ಇಂಥ ಕಟ್ಟಡವನ್ನು ಜೀರ್ಣೋದ್ಧಾರ ಮಾಡುವುದೆಂದರೇನು? 1930ರಲ್ಲಿ ನ್ಯಾಯಾಲಯಗಳು ಬೇರೆಡೆಗೆ ಹೋದವು. 1940ರಲ್ಲಿ ಕಟ್ಟಡ ಕೇಂದ್ರ ಸರಕಾರದ ವಶಕ್ಕೆ ಬಂದು ಉಳಿಯಿತು. ಆದರೆ ಸ್ಕಾಟ್ ವಿಚಾರಣೆ ನಡೆದ ಕೋಣೆ ಉಳಿದಿಲ್ಲ. ಮೇಲಂತಸ್ತಿಗೆ ಆಧಾರ ಸಾಲದೆಂದು 1850ರ ದಶಕದಲ್ಲೇ ಅಲ್ಲಿ ಗೋಡೆಗಳನ್ನು ಎಬ್ಬಿಸಿ ಓಡಾಡುವ ಹಾದಿ ಮಾಡಿದ್ದರು. ಆ ಕೋಣೆಯನ್ನು ಯಾವ ಶಿಲ್ಪಿಯೂ ಈಗ ಮರಳಿ ತರಲಾರ.

ಇತ್ತೀಚಿನ ನವೀಕರಣದ ಬಳಿಕ 2025ರ ಮೇ ತಿಂಗಳಲ್ಲಿ ಕಟ್ಟಡ ಮತ್ತೆ ಬಾಗಿಲು ತೆರೆಯಿತು. ಮೆಟ್ಟಿಲೇರಲಾರದವರಿಗಾಗಿ ಲಿಫ್ಟ್, ಇಳಿಜಾರು ಹಾದಿ, ಬೆಂಕಿ ನಂದಿಸುವ ಏರ್ಪಾಡು ಬಂದವು. ಸ್ಕಾಟ್ ದಂಪತಿಯ ಹೋರಾಟವನ್ನು ಹೇಳುವ ಹೊಸ ಪ್ರದರ್ಶನವೂ ಬಂತು. ಹೊರಗೆ 2012ರಿಂದ ಅವರಿಬ್ಬರ ಪ್ರತಿಮೆ ನಿಂತಿದೆ.

ಹಳೆಯ ಕಟ್ಟಡಗಳಿಗೆ ಸುಣ್ಣ ಬಣ್ಣ ಬಳಿದು ವೈಭವವನ್ನಷ್ಟೇ ತೋರಿಸುವುದು ಎಲ್ಲ ದೇಶಗಳಲ್ಲೂ ಇರುವ ಚಾಳಿ. ಸೇಂಟ್ ಲೂಯಿಸ್‌ನಲ್ಲಿ ಗುಮ್ಮಟದ ಜೊತೆಗೆ ಮೆಟ್ಟಿಲುಗಳ ಕತೆಯನ್ನೂ ಹೇಳುತ್ತಾರೆ. ಅನ್ಯಾಯ ಕಾನೂನಿನ ಉಡುಪಿನಲ್ಲೇ ಬಂದಿತ್ತು, ಅದನ್ನು ಪ್ರಶ್ನಿಸಿದವರು ಕೂಡ ಇದೇ ಬಾಗಿಲಿನಿಂದ ಒಳಗೆ ಹೋಗಿದ್ದರು ಎಂಬುದು ಅಲ್ಲಿಗೆ ಬರುವ ಮಕ್ಕಳಿಗೆ ತಿಳಿದರೆ, ದುರಸ್ತಿಗೆ ಸುರಿದ ಹಣ ಸಾರ್ಥಕ.